ಅಪ್ಪನ ಮಾತು ತಡವಾದ ದಿನಗಳು

ನಮ್ಮಪ್ಪ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಯಾವ ಗಾಡಿ ಎಲ್ಲಿ ನಿಂತಿದೆ, ಎಷ್ಟೊತ್ತಿಗೆ ಬಿಡುತ್ತದೆ, ಯಾವುದು ಇವತ್ತು ಬರುವುದೇ ಇಲ್ಲ ಎಂದು ಮೈಕಿನಲ್ಲಿ ಹೇಳುವ ಕೆಲಸ. ಸಂಡೂರಿನ ಮಂದಿ, ಕಂಪ್ಲಿಯ ಮಂದಿ, ಬೆನ್ನಿಗೆ ದೊಡ್ಡ ಚೀಲ ಹೇರಿಕೊಂಡು ಹಂಪಿ ನೋಡಲು ಬಂದ ಫಾರಿನ್ನಿನವರು, ಎಲ್ಲರೂ ಆ ದನಿ ಕೇಳಿಯೇ ಎದ್ದು ಓಡುತ್ತಿದ್ದರು. ಮನೆಗೆ ಬಂದ ಮೇಲೂ ಅಪ್ಪನಿಗೆ ಎದುರಿಗಿರುವವರು ಹತ್ತಿರದಲ್ಲೇ ಕೂತಿದ್ದಾರೆ ಎನ್ನುವುದು ನೆನಪಿರುತ್ತಿರಲಿಲ್ಲ. ಒಂದು ತಂಬಿಗೆ ನೀರು ಕೇಳಿದರೆ ಓಣಿಯ ತುದಿಗೆ ಕೇಳಿಸುತ್ತಿತ್ತು.

ಅವ್ವನ ದನಿ ಸಣ್ಣದು. ಆದರೆ ಮಾತಿನ ವೇಗದಲ್ಲಿ ಅವಳನ್ನು ಹಿಡಿಯುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಇಬ್ಬರೂ ದಿನಾ ಜಗಳ ಆಡುತ್ತಿದ್ದರು. ಸಾರಿನ ಉಪ್ಪು, ಫ್ಯಾನಿನ ಸ್ಪೀಡು, ಯಾರ ಕಡೆಯವರು ಮದುವೆಯಲ್ಲಿ ಹೇಳದೇ ಕೇಳದೇ ಮೊದಲ ಪಂಕ್ತಿಗೆ ಕೂತರು, ಯಾವುದಾದರೂ ಸರಿ. ಅಪ್ಪ ಒಂದು ಮಾತು ಶುರು ಮಾಡಿ ಮುಗಿಸುವುದರೊಳಗೆ ಅವ್ವ ಅದಕ್ಕೆ ಉತ್ತರ ಕೊಟ್ಟು, ಮುಂದೆ ಅವರು ಹೇಳಬಹುದಾದ ಮಾತಿಗೂ ಉತ್ತರ ಕೊಟ್ಟು, ಅಡುಗೆಮನೆ ಸೇರಿಬಿಡುತ್ತಿದ್ದಳು. ಅಪ್ಪ ಎರಡೂ ಕೈ ಮೇಲಕ್ಕೆತ್ತಿ, "ಲೇ, ನನಗೊಂದ್ ಮಾತು ಹೇಳಾಕ ಬಿಡ್ತೀಯೋ ಇಲ್ಲೋ?" ಎಂದು ಕೂಗುತ್ತಿದ್ದರು. ಊರಿಗೆಲ್ಲ ಹೇಳುವ ಮನುಷ್ಯನಿಗೆ ಮನೆಯಲ್ಲಿ ಈ ಗತಿ. ಇದನ್ನು ಕೇಳುತ್ತಲೇ ಬೆಳೆದ ನನಗೆ ಜಗಳವಿಲ್ಲದ ಮನೆಗೆ ಹೋದರೆ ಅಲ್ಲಿ ಯಾರಿಗೋ ಹುಷಾರಿಲ್ಲವೇನೋ ಅನಿಸುತ್ತಿತ್ತು.

ರಿಟೈರ್ ಆಗಿ ಸ್ವಲ್ಪ ದಿನಕ್ಕೆ ಅಪ್ಪನ ದನಿ ಬಿದ್ದುಹೋಯಿತು. ಮೊದಲು ಕಷಾಯ, ಆಮೇಲೆ ಗುಳಿಗೆ, ಆಮೇಲೆ ದೊಡ್ಡ ಆಸ್ಪತ್ರೆ. ಗಂಟಲಲ್ಲಿ ಗಡ್ಡೆ ಎಂದರು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು, ತೆಗೆದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು ಮಾಡಿ ಮನೆಗೆ ಕಳಿಸಿದರು. ಜೀವ ಉಳಿಯಿತಲ್ಲ ಎಂದು ಬಂದವರೆಲ್ಲ ಹೇಳಿ ಹೋದರು. ನಮಗೂ ಅದೇ ಸಮಾಧಾನ. ಆದರೆ ಆ ದನಿ ಇಲ್ಲದ ಮನೆಯಲ್ಲಿ ಗೋಡೆ ಗಡಿಯಾರದ ಸಪ್ಪಳ ಮೊದಲ ಸಲ ನನ್ನ ಕಿವಿಗೆ ಬಿದ್ದಾಗ ಬಚ್ಚಲಿಗೆ ಹೋಗಿ ಅತ್ತೆ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಅದಿರು ಹೇರಿಕೊಂಡ ಲಾರಿಗಳು ಹಗಲೂ ರಾತ್ರಿ ಒಂದರ ಬೆನ್ನಿಗೆ ಒಂದು ಬರುತ್ತಿದ್ದವು. ರಸ್ತೆ ಬದಿಯ ಬೇವಿನ ಗಿಡ ಕೆಂಪು, ಬಂಡ್ರಿ ಕಡೆಯಿಂದ ಬರುವ ಬಸ್ಸಿನಿಂದ ಇಳಿದವರ ಹುಬ್ಬು ಕೆಂಪು, ಒಣಹಾಕಿದ ಬಿಳಿ ಬಟ್ಟೆ ತೆಗೆಯುವಷ್ಟರಲ್ಲಿ ಕೆಂಪು. ಆ ತೂತಿನೊಳಗೆ ಧೂಳು ಹೋಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅವರು ಎಲ್ಲಿ ಕೂತು ಹೇಳಿದರೋ, ಹೊಸಪೇಟೆಯನ್ನು ನೋಡಿರಲಿಕ್ಕಿಲ್ಲ. ಅವ್ವ ಅಪ್ಪನ ಹಳೆಯ ಧೋತರ ಹರಿದು, ತೆಳ್ಳಗೆ ಗಾಳಿಯಾಡುವಂತಹ ಕುತ್ತಿಗೆಬಟ್ಟೆಗಳನ್ನು ಹೊಲಿದಳು. ಬೆಳಿಗ್ಗೆ ಒಂದು, ಸಂಜೆ ಒಂದು. ಕುದಿಯುವ ನೀರಲ್ಲಿ ಹಾಕಿ ತೆಗೆದು ಮನೆಯೊಳಗೇ ಒಣಗಿಸುತ್ತಿದ್ದಳು. ನಮ್ಮ ಓಣಿಯಲ್ಲಿ ಧೂಳಿನ ಜೊತೆ ಹೊಡೆದಾಡಿ ಗೆದ್ದ ಒಬ್ಬಳೇ ಹೆಂಗಸು ನಮ್ಮವ್ವ ಎಂದು ಈಗಲೂ ಹೇಳುತ್ತೇನೆ.

ಇನ್ನು ಮಾತು. ಬರೆದು ತೋರಿಸಲೆಂದು ಒಂದು ಪಾಟಿ, ಬಳಪ ತಂದುಕೊಟ್ಟೆವು. ಅಪ್ಪನ ಕೈಬರಹ ನೋಡಿದವರಿಗೆ ಮಾತ್ರ ಗೊತ್ತು. ಸರ್ವೀಸಿನಲ್ಲಿದ್ದಾಗ ಅವರು ಬರೆದುಕೊಟ್ಟ ಚೀಟಿ ಹಿಡಿದು ಡ್ರೈವರುಗಳು ವಾಪಸ್ಸು ಬಂದು, "ಸರ, ಬಾಯಿಲೇ ಹೇಳಿಬಿಡ್ರಿ" ಎನ್ನುತ್ತಿದ್ದರಂತೆ. ನಾನಾದರೂ ಊಹೆ ಮಾಡಿ ಓದುತ್ತಿದ್ದೆ. ಅವ್ವನಿಗೆ ಅದು ಸಾಧ್ಯವೇ ಇರಲಿಲ್ಲ. ಅವಳು ಬುಕ್ಕಸಾಗರದಲ್ಲಿ ಚಿಕ್ಕಂದಿನಲ್ಲೇ ಶಾಲೆ ಬಿಟ್ಟವಳು. ಆಮೇಲೆ ಬಸ್ಸಿನ ಬೋರ್ಡು, ಗೋಡೆಯ ಕ್ಯಾಲೆಂಡರು, ಪೇಪರಿನ ದಪ್ಪಕ್ಷರ ಇಷ್ಟನ್ನೇ ಓದಿ ಓದಿ ಕಲಿತವಳು. ಅಚ್ಚಿನ ಅಕ್ಷರವನ್ನು ಬೆರಳಿಟ್ಟು ನಿಧಾನಕ್ಕೆ ಓದುತ್ತಾಳೆ. ಕೈಬರಹ ಅವಳ ಪಾಲಿಗೆ ಅಕ್ಷರವೇ ಅಲ್ಲ. ಅಪ್ಪ ಪಾಟಿ ತುಂಬ ಬರೆದು ಹಿಡಿಯುತ್ತಿದ್ದರು, ಅವ್ವ ಅದನ್ನು ನೋಡಿ ನನ್ನ ಮುಖ ನೋಡುತ್ತಿದ್ದಳು. ನಾನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವವಳು. ದಿನವಿಡೀ ಇಬ್ಬರೂ ಕೈಸನ್ನೆಯಲ್ಲಿ ಕಾಲ ಹಾಕಬೇಕಿತ್ತು. ಕೈಸನ್ನೆಯಲ್ಲಿ ನೀರು ಕೇಳಬಹುದು, ಜಗಳ ಆಡಲಾಗುವುದಿಲ್ಲ.

ನಾನಾಗ ಗಾದಿಗನೂರಿನ ಹತ್ತಿರ, ಅದಿರಿನ ಲಾರಿಗಳನ್ನು ತೂಗುವ ವೇ ಬ್ರಿಡ್ಜಿನಲ್ಲಿ ಕಂಪ್ಯೂಟರ್ ಆಪರೇಟರ್. ಎಸಿ ಹಾಕಿದ ಗಾಜಿನ ರೂಮಿನಲ್ಲಿ ಕೂತು ತೂಕದ ರಸೀದಿ ಹೊಡೆಯುವುದು. ಆ ವರ್ಷಗಳಲ್ಲಿ ನಮ್ಮ ಸಾಹುಕಾರರು ಲಾರಿ ಬದಲಾಯಿಸಿದ ಹಾಗೆ ಕಂಪ್ಯೂಟರನ್ನೂ ಬದಲಾಯಿಸುತ್ತಿದ್ದರು. ಹಳೆಯದೊಂದನ್ನು ಕೇಳಿದೆ, ಒಯ್ಯಿ ಎಂದರು. ಮನೆಗೆ ತಂದು, ಕನ್ನಡ ಟೈಪಿಂಗ್ ಹಾಕಿ, ಅಕ್ಷರವನ್ನು ಕ್ಯಾಲೆಂಡರಿನ ತಾರೀಖಿನಷ್ಟು ದೊಡ್ಡದು ಮಾಡಿದೆ. ಅಪ್ಪ ಎರಡು ಬೆರಳಿನಲ್ಲಿ ಕಲಿತರು. ಅವ್ವ ಅವರ ಕುರ್ಚಿಯ ಹಿಂದೆ ನಿಂತು ಓದುವುದು ಎಂದಾಯಿತು.

ಅಪ್ಪ ಟೈಪ್ ಮಾಡಿದ ಮೊದಲನೇ ವಾಕ್ಯವನ್ನು ಅವ್ವ ತನ್ನ ಬಾಯಿಂದಲೇ ಬಿಡಿಸಿ ಬಿಡಿಸಿ ಓದಿದಳು. "ಸಾ... ರಿಗೆ... ಉಪ್ಪು... ಕಡಿ... ಮಿ." ಓದಿದ ಮೇಲೆ ಅರ್ಥವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನೋಡಿದಿಯೇನವಾ, ಬಾಯಿ ಹೋದ್ರೂ ಚಟ ಹೋಗಿಲ್ಲ ಇವರ್ದು!" ಎಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಬಹಳ ದಿನದಿಂದ ನೋಡಿರಲಿಲ್ಲ. ಅಪ್ಪ ಆಗಲೇ ಮುಂದಿನದನ್ನು ಟೈಪ್ ಮಾಡುತ್ತಿದ್ದರು. ಆ ಬೇಸಿಗೆ, ಆ ಮಳೆಗಾಲ ಹೀಗೇ ಹೋಯಿತು. ಅಪ್ಪ ಬೈಯುವುದು, ಆ ಬೈಗುಳವನ್ನು ಅವ್ವ ತಾನೇ ಗಟ್ಟಿಯಾಗಿ ಓದಿಕೊಂಡು ತಾನೇ ಉತ್ತರ ಕೊಡುವುದು. ಹೊರಗಿನಿಂದ ಕೇಳಿದವರಿಗೆ ಅವ್ವನಿಗೇ ಏನೋ ಆಗಿದೆ ಅನಿಸುತ್ತಿತ್ತೇನೋ.

ದಸರೆಗೆ ಮನೆ ಸ್ವಚ್ಛ ಮಾಡುವಾಗ ಅವ್ವ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಬೆರಳು ಕೆಂಪಾಯಿತು. "ಇದರೊಳಗೂ ಧೂಳು ಹೊಕ್ಕರ ಹೆಂಗ? ಇವರ ಮಾತೆಲ್ಲ ಇದರಾಗ ಐತಿ," ಎಂದಳು. ನಮ್ಮ ಕಡೆ ಹೊದಿಕೆ ಇಲ್ಲದ ಸಾಮಾನೇ ಇರುವುದಿಲ್ಲ. ಟೀವಿಗೆ ಒಂದು, ಮಿಕ್ಸಿಗೆ ಒಂದು, ಫ್ರಿಜ್ಜಿನ ತಲೆಯ ಮೇಲೊಂದು. ಆದರೆ ಕಂಪ್ಯೂಟರಿಗೆ ಅಂತಿಂಥ ಬಟ್ಟೆ ಸಾಲದು ಎಂದು ಅವ್ವ ಕೌದಿ ಹೊಲಿಯಲು ಕೂತಳು. ಕೌದಿಯೆಂದರೆ ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಹಾಸಿ ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಹೊದಿಕೆ. ಹುಟ್ಟಿದ ಕೂಸಿಗೆ ಹೊಲಿಯುತ್ತಾರೆ, ಗಂಡನ ಮನೆಗೆ ಹೋಗುವ ಮಗಳಿಗೆ ಹೊಲಿಯುತ್ತಾರೆ. ಅವ್ವ ಈ ಕೌದಿಗೆ ಒಳಪದರಕ್ಕೆ ತನ್ನ ಹಳೆಯ ಸೀರೆ, ಮೇಲುಪದರಕ್ಕೆ ಅಪ್ಪನ ಖಾಕಿ ಅಂಗಿಗಳನ್ನು ಹಾಕಿದಳು. ಇನ್ನು ಆ ಅಂಗಿಗಳಿಗೆ ಕೆಲಸವಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಬಾಗಿಲ ಬೆಳಕಿಗೆ ಕೂತು, ದಿನಾಲೂ ಒಂದಿಷ್ಟು ಹೊಲಿದು, ಪೆಟ್ಟಿಗೆಯ ಅಳತೆಗೆ ಸರಿಯಾಗಿ ಅಂಗಿ ತೊಡಿಸಿದಂತೆ ತೊಡಿಸಿದಳು. ಆನ್ ಮಾಡುವ ಗುಂಡಿಗೆ ಮುಂದೆ ಒಂದು ಕಾಜಾ, ವೈರುಗಳು ಹೊರಗೆ ಬರಲು ಹಿಂದೆ ಒಂದು ಸೀಳು. ಚಾಲೂ ಇರುವಾಗಲೂ ತೆಗೆಯಬೇಕಿಲ್ಲ ಎನ್ನುವುದು ಅವಳ ಹೆಮ್ಮೆ. ನೋಡಿದವರೆಲ್ಲ ಭೇಷ್ ಎಂದರು, ನಾನೂ ಎಂದೆ. ಅಪ್ಪ ಖಾಕಿಯ ಮೇಲೆ ಕೈ ಸವರಿ, "ಡ್ಯೂಟಿಗೆ ಹಚ್ಚಿದಿ ಮತ್ತ" ಎಂದು ಟೈಪ್ ಮಾಡಿದರು.

ದೀಪಾವಳಿ ಮುಗಿದ ಮೇಲೆ ಅಕ್ಷರಗಳು ತಡವಾಗಿ ಬರತೊಡಗಿದವು. ಅಪ್ಪ ಒಂದು ಕೀಲಿ ಒತ್ತುವುದು, ಅಕ್ಷರ ಬರಲಿಲ್ಲವೆಂದು ಮತ್ತೆ ಒತ್ತುವುದು, ಆಮೇಲೆ ಎರಡೂ ಒಟ್ಟಿಗೆ ಬಂದು ಕೂರುವುದು. ಅವ್ವ ಒಂದು ಮಾತು ಕೇಳಿ ಪರದೆಯನ್ನು ನೋಡುತ್ತ ನಿಲ್ಲುತ್ತಿದ್ದಳು. ನಿಂತು ನಿಂತು ರೊಟ್ಟಿ ತಟ್ಟಲು ಹೋಗುತ್ತಿದ್ದಳು. ವಾಪಸ್ಸು ಬರುವ ಹೊತ್ತಿಗೆ ಅಪ್ಪ ಬರೆದದ್ದನ್ನು ಅಳಿಸಿರುತ್ತಿದ್ದರು. ಜಗಳದಲ್ಲಿ ಹೊತ್ತಿಗೆ ಬಾರದ ಮಾತನ್ನು ಇಟ್ಟುಕೊಂಡು ಏನು ಮಾಡುವುದು?

ಕಂಪ್ಯೂಟರಿನ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕಿತ್ತು. ಒಂದು ಭಾನುವಾರ ಸೀರೆ ಎತ್ತಿಕಟ್ಟಿ ಕೂತೆ. ಕೌದಿ ತೆಗೆದು ಪಕ್ಕಕ್ಕಿಟ್ಟು, ಪೆಟ್ಟಿಗೆ ಮುಂದಕ್ಕೆಳೆದು, ಹಿಂದಿನ ವೈರುಗಳನ್ನೆಲ್ಲ ಬಿಗಿ ಮಾಡಿದೆ. ಯಾವ ಕೆಲಸಕ್ಕೆ ಎಷ್ಟು ಶಕ್ತಿ ಹೋಗುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಪ್ರೊಸೆಸರಿನ ಹಸಿರು ಗೆರೆ ಮೇಲೆ ಹೋಗಿ ನೂರಕ್ಕೆ ಅಂಟಿಕೊಂಡಿತ್ತು. ಎಲ್ಲ ಶಕ್ತಿಯನ್ನೂ ಆಂಟಿವೈರಸ್ಸೇ ತಿನ್ನುತ್ತಿದೆ ಎಂದು ತೋರಿಸುತ್ತಿತ್ತು. ಕಾವಲುಗಾರನೇ ಮನೆ ಖಾಲಿ ಮಾಡುತ್ತಿದ್ದಾನಲ್ಲ ಎಂದು ಸಿಟ್ಟು ಬಂದು ಅದನ್ನು ಕಿತ್ತುಹಾಕಿದೆ. ಬೇರೆ ಸಣ್ಣದೊಂದನ್ನು ಹಾಕಿದೆ. ಬೇಡದ ಆಟಗಳು, ಆಫೀಸಿನ ಕಾಲದ ಹಳೆಯ ಪ್ರೋಗ್ರಾಮುಗಳು ಎಲ್ಲವನ್ನೂ ಗುಡಿಸಿದೆ. ಅಷ್ಟರಲ್ಲಿ ಗೆರೆ ತಾನಾಗಿಯೇ ಕೆಳಗಿಳಿಯಿತು. ಅಪ್ಪ ಕೂತು ಟೈಪ್ ಮಾಡಿದರು, ಅಕ್ಷರ ಓಡಿದವು. ನಾನು ಮೀಸೆ ಇಲ್ಲದಿದ್ದರೂ ಮೀಸೆ ತಿರುವಿದೆ. ಅವ್ವ ಪೆಟ್ಟಿಗೆಯನ್ನು ಒರೆಸಿ, ಕೌದಿ ತೊಡಿಸಿ, ವಿಭೂತಿ ಹಚ್ಚಿದಳು.

ಮರುದಿನ ಮಧ್ಯಾಹ್ನಕ್ಕೆ ಮತ್ತೆ ಅದೇ ಕಥೆ. ಈ ಸಲ ಟಾಸ್ಕ್ ಮ್ಯಾನೇಜರ್ ಇನ್ನೊಂದು ಹೆಸರು ತೋರಿಸಿತು. ಅದನ್ನು ನಿಲ್ಲಿಸಿದರೆ ಮತ್ತೊಂದು ಬಂದು ಆ ಜಾಗದಲ್ಲಿ ಕೂತಿತು. ಕೊನೆಗೆ ಅಪ್ಪ ಬರೆಯುವ ಕನ್ನಡ ಟೈಪಿಂಗೇ ನೂರಕ್ಕೆ ನೂರು ತಿನ್ನುತ್ತಿದೆ ಎಂದು ತೋರಿಸತೊಡಗಿತು. ನಾಲ್ಕು ಅಕ್ಷರ ಮೂಡಿಸಲು ಒಂದು ಯಂತ್ರ ಇಷ್ಟು ಏದುಸಿರು ಬಿಡಬೇಕೇ ಎಂದು ನನ್ನ ತಲೆ ಕೆಟ್ಟುಹೋಯಿತು.

ಇದರ ನಡುವೆ ಕಂಪ್ಲಿಯ ವಿಷಯ ಬಂತು. ಕಂಪ್ಲಿಯಲ್ಲಿರುವ ನಮ್ಮ ಚಿಕ್ಕವ್ವನಿಗೆ ಮೊಮ್ಮಗಳು ಹುಟ್ಟಿದ್ದಳು. ತೊಟ್ಟಿಲು ಹಾಕುವ ಕಾರ್ಯಕ್ಕೆ ಬಾ ಎಂದು ಹೇಳಿಕಳಿಸಿದ್ದರು. ಆಪರೇಷನ್ ಆದಾಗಿನಿಂದ ಅವ್ವ ಮನೆ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಅಪ್ಪನ ಕುರ್ಚಿಯ ಹಿಂದೆ ನಿಂತು, "ತೊಟ್ಟಿಲಿಗೆ ಹೋಗಿ ಬರ್ಲೇನ್ರಿ? ಮಗಳು ರಜಾ ಹಾಕ್ತಾಳಂತ," ಎಂದು ಕೇಳಿದಳು. ನಾನು ಕೆಲಸಕ್ಕೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಅಪ್ಪ ಟೈಪ್ ಮಾಡತೊಡಗಿದರು. ಬೆರಳುಗಳು ಬಹಳ ಹೊತ್ತು ಓಡಿದವು, ಏನೋ ಉದ್ದನೆಯ ಮಾತು. ಪರದೆ ಬೆಳ್ಳಗೇ ಇತ್ತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲಿನ ನೆನಪಾಗಿ ಅವ್ವ ಒಳಗೆ ಓಡಿದಳು. ಪರದೆ ಹಾಗೇ ನಿಂತುಬಿಟ್ಟಿತು. ಅಪ್ಪ ಮೇಜಿನ ಮೇಲೆ ಅಂಗೈ ಬಡಿದು, ಸ್ವಿಚ್ ಆರಿಸಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು.

ಅವ್ವ ಬಂದು ನೋಡಿದಾಗ ಕಂಡದ್ದು ಕಪ್ಪು ಪರದೆ ಮತ್ತು ಗಂಡನ ಬೆನ್ನು. "ಆತು ಬಿಡ್ರಿ, ನಾ ಹೋಗೂದಿಲ್ಲ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಏನು ಬರೆದಿದ್ದಿರಿ ಎಂದು ಸಂಜೆ ಅಪ್ಪನನ್ನು ಕೇಳಿದರೆ, ಬಿಡು ಎನ್ನುವಂತೆ ಕೈ ಬೀಸಿದರು. ಎಲ್ಲವನ್ನೂ ಎರಡೆರಡು ಸಲ ಹೇಳಿ ಅವರಿಗೂ ಸಾಕಾಗಿತ್ತು.

ಅಂದಿನಿಂದ ಅವ್ವ ಮಾತು ಕಡಿಮೆ ಮಾಡಿದಳು. ಅಪ್ಪ ಗಿಡ್ಡ ಗಿಡ್ಡ ಮಾತು ಮಾತ್ರ ಟೈಪ್ ಮಾಡುತ್ತಿದ್ದರು. ನೀರು. ಗುಳಿಗೆ. ಸಾಕು. ಕೆಲವು ದಿನ ಅದೂ ಇಲ್ಲ. "ಯಾಕವಾ, ಅಪ್ಪನ ಕೂಡ ಜಗಳ ಆಡ್ವಲ್ಲಿ?" ಎಂದು ನಾನು ತಮಾಷೆ ಮಾಡಿದರೆ, ಅವ್ವ ಅಕ್ಕಿ ಆರಿಸುತ್ತ ತಲೆ ಎತ್ತದೆ, "ತಿರುಗಿ ಮಾತಾಡಾಕ ಬರಲಾರದವರ ಕೂಡ ಜಗಳ ಆಡಿದ್ರ ಅದು ಹೊಡದಂಗ ಆಗ್ತೈತಿ," ಎಂದಳು. ಈ ಪೆಟ್ಟಿಗೆಯನ್ನು ಸರಿ ಮಾಡದೆ ಬಿಡುವುದಿಲ್ಲ ಎಂದು ಅವತ್ತು ನಾನು ಹಟ ಹಿಡಿದೆ.

ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಿಂದ ಸರ್ವೀಸಿನವರನ್ನು ಕರೆಸಿದೆ. ಅವರು ಅಪ್ಪನ ದನಿಯನ್ನು ಮೈಕಿನಲ್ಲಿ ಕೇಳಿ ಬೆಳೆದವರೇ, ಕಾಳಜಿಯಿಂದ ನೋಡಿದರು. "ವೈರಸ್ ಇರಬೇಕು ಮೇಡಂ, ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ," ಎಂದು, ಕೌದಿಯನ್ನು ಮಡಚಿ ಅವ್ವನ ಕೈಗೆ ಕೊಟ್ಟು, ಪೆಟ್ಟಿಗೆಯನ್ನು ಅಂಗಡಿಗೆ ಒಯ್ದರು. ಮರುದಿನ ಹೋಗಿ ನೋಡಿದರೆ ಯಂತ್ರ ಜಿಂಕೆಯಂತೆ ಓಡುತ್ತಿತ್ತು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಅವ್ವ ಕೌದಿಯನ್ನು ಒಗೆದು ಒಣಗಿಸಿ ಕಾಯುತ್ತಿದ್ದಳು. ಸಂಜೆಯ ಹೊತ್ತಿಗೆ ಮತ್ತೆ ಅಕ್ಷರ ತಡ.

ಮತ್ತೆ ಅಂಗಡಿಗೆ ಹೋಯಿತು, ಅಲ್ಲಿ ಚೆನ್ನಾಗಿತ್ತು. ಮನೆಗೆ ಬಂತು, ಕೆಟ್ಟಿತು. ಸರ್ವೀಸಿನವರು ತಲೆ ಕೆರೆದುಕೊಂಡು, "ಅಂಗಡ್ಯಾಗ ಮಸ್ತ್ ಐತ್ರಿ. ನಿಮ್ಮನಿ ಕರೆಂಟಿಂದ ಏನರ ತೊಂದ್ರೆ ಇರಬೇಕು," ಎಂದರು. ಕರೆಂಟಿನವರು ಬಂದು ನೋಡಿ ಏನೂ ಇಲ್ಲವೆಂದರು. ಎದುರು ಮನೆಯವರು ಮೂಲೆ ಸರಿಯಿಲ್ಲ ಎಂದರು. ಕಂಪ್ಯೂಟರನ್ನು ಆ ಮೂಲೆಯಿಂದ ಈ ಮೂಲೆಗೆ ತಂದೆವು. ಅವ್ವ ಸೋಮವಾರ ಹಂಪಿಗೆ ಹೋಗಿ ಬಂದು, ದೇವರ ವಿಭೂತಿಯನ್ನು ಪೆಟ್ಟಿಗೆಗೂ ಅಪ್ಪನಿಗೂ ಹಚ್ಚಿದಳು. ಚಳಿಗಾಲದ ಧೂಳು ಜಾಸ್ತಿಯಾಗಿದೆ, ಅದರದೇ ಕಾಟ ಎಂದು ಕೌದಿಗೆ ಒಳಗಿನಿಂದ ಇನ್ನೊಂದು ಪದರು ಸೇರಿಸಿದಳು. ಯಂತ್ರ ಇನ್ನೂ ನಿಧಾನವಾಯಿತು. ನನ್ನ ಕಣ್ಣ ಮುಂದೆಯೇ ಇದೆಲ್ಲ ನಡೆದರೂ ನನಗೆ ಹೊಳೆಯಲಿಲ್ಲ. ದಿನಾ ನೋಡುವ ಹೊದಿಕೆಯನ್ನು ನಮ್ಮೂರಲ್ಲಿ ಯಾರು ನೋಡುತ್ತಾರೆ?

ಒಂದು ರಜೆಯ ದಿನ ಬೆಳಿಗ್ಗೆ ರೊಟ್ಟಿಗೆ ಮೊಸರು ಹಾಕಿಸಿಕೊಂಡು ತಿನ್ನುತ್ತಿದ್ದೆ. ಆ ಚಳಿಯಲ್ಲಿ ಎಲ್ಲರ ಮನೆಯಲ್ಲೂ ಮೊಸರು ನೀರು ನೀರಾಗಿ, ಮಧ್ಯಾಹ್ನವಾದರೂ ಹೆಪ್ಪಾಗದೆ ಗೋಳಾಡಿಸುತ್ತಿತ್ತು. ನಮ್ಮ ಮನೆಯ ಮೊಸರು ಮಾತ್ರ ಕತ್ತರಿಸಿ ಹಾಕುವಷ್ಟು ಗಟ್ಟಿಯಾಗಿತ್ತು.

"ಮೊಸರು ಭಾಳ ಛಲೋ ಆಗೇತಿ ನೋಡವಾ," ಎಂದೆ.

ಅವ್ವ ಬಹಳ ದಿನದ ಮೇಲೆ ಸ್ವಲ್ಪ ಬೀಗಿದಳು. "ಆಗದೇನು? ನಿಮ್ಮಪ್ಪ ಟೈಪ್ ಮಾಡಾಕ ಕುಂತಾಗ ಗಿಂಡಿ ಒಯ್ದು ಕಂಪ್ಯೂಟರ್ ಮಗ್ಗಲಕ್ಕ, ಕೌದಿ ಒಳಗ ಇಟ್ಟುಬಿಡ್ತೀನಿ. ಜಲ್ದಿ ಹೆಪ್ಪಾಗ್ತೈತಿ. ಬಾಣಂತಿ ಕೋಣಿ ಇದ್ದಂಗ ಬೆಚ್ಚಗ ಇರ್ತೈತಿ ಅದರೊಳಗ."

ರೊಟ್ಟಿ ಕೈಯಲ್ಲೇ ಉಳಿಯಿತು. ಎಂಜಲು ಕೈಯನ್ನು ಮೇಲೆ ಹಿಡಿದುಕೊಂಡೇ ಎದ್ದು ಹೋಗಿ, ಎಡಗೈಯನ್ನು ಕೌದಿಯ ಒಳಗೆ ತೂರಿಸಿದೆ. ಅಪ್ಪ ಆಗಷ್ಟೇ ಪೇಪರಿನ ಸುದ್ದಿಗೆ ಏನೋ ಟೀಕೆ ಬರೆಯಲು ಹೋಗಿ, ಸಾಕಾಗಿ ಎದ್ದಿದ್ದರು. ಒಳಗೆ ಹಾಲಿನ ಗಿಂಡಿ ಕೈಗೆ ತಾಗಿತು. ಅದರಾಚೆ ಪೆಟ್ಟಿಗೆಯ ತಗಡು ಕೈ ಇಡಲಾಗದಷ್ಟು ಸುಡುತ್ತಿತ್ತು. ನನ್ನ ಬುದ್ಧಿಗೇ ಹೆಪ್ಪು ಹಾಕಿಟ್ಟಿದ್ದರು ಯಾರೋ ಅನಿಸಿತು.

ಕೌದಿ ಎಳೆದು ನೆಲಕ್ಕೆ ಹಾಕಿ, ಗಿಂಡಿಯನ್ನು ಅತ್ತ ಸರಿಸಿ, ಸ್ವಿಚ್ ಆರಿಸಿದೆ. ಪೆಟ್ಟಿಗೆ ಆರಿದ ಮೇಲೆ ಮಗ್ಗುಲಿನ ತಗಡು ಬಿಚ್ಚಿ ನೋಡಿದೆ. ಪ್ರೊಸೆಸರ್ ಎಂದರೆ ಬಿಸ್ಕೀಟಿಗಿಂತ ಸಣ್ಣದೊಂದು ಬಿಲ್ಲೆ. ಕೆಲಸ ಮಾಡುವಾಗ ಅದು ಕಾಯುತ್ತದೆ, ಅದಕ್ಕೇ ಅದರ ತಲೆಯ ಮೇಲೆ ತಗಡಿನ ಪದರುಗಳು, ಅದರ ಮೇಲೊಂದು ಸಣ್ಣ ಫ್ಯಾನು. ಆ ಪದರುಗಳ ನಡುವೆ ಆಫೀಸಿನ ಕಾಲದಿಂದ ಸೇರಿದ ಕೆಂಪು ಧೂಳು ಕಂಬಳಿಯ ಹಾಗೆ ಕೂತಿತ್ತು. ಫ್ಯಾನು ಬಿಡುವ ಅಷ್ಟಿಷ್ಟು ಬಿಸಿಗಾಳಿಗೂ ಹೊರಗೆ ಹೋಗಲು ದಾರಿಯಿಲ್ಲದಂತೆ ಹಿಂದಿನ ಮತ್ತು ಮಗ್ಗುಲಿನ ಕಿಂಡಿಗಳ ಮೇಲೆ ಅವ್ವನ ಕೌದಿ. ಹೆಚ್ಚು ಕಾದರೆ ಪ್ರೊಸೆಸರ್ ಸುಟ್ಟುಹೋಗಬಾರದೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ವೇಗ ಇಳಿದ ಮೇಲೆ ನಾಲ್ಕು ಅಕ್ಷರವೂ ಅದಕ್ಕೆ ಬೆಟ್ಟದಷ್ಟು ಕೆಲಸ. ಟಾಸ್ಕ್ ಮ್ಯಾನೇಜರಿನಲ್ಲಿ ನಾನು ಯಾರ ಯಾರ ಮೇಲೋ ಕಳ್ಳತನ ಹೊರಿಸಿದ್ದೆ. ಯಾರೂ ಕದ್ದಿರಲಿಲ್ಲ. ಅಂಗಡಿಯಲ್ಲಿ ಯಾಕೆ ಚೆನ್ನಾಗಿತ್ತೆಂದರೆ ಅಲ್ಲಿ ಅದು ಬರೀ ಮೈಯಲ್ಲಿತ್ತು.

ಬಣ್ಣ ಹಚ್ಚುವ ಸಣ್ಣ ಬ್ರಷ್ಷಿನಿಂದ ಧೂಳು ಬಿಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಅಪ್ಪನನ್ನು ಹೊರಗಿನ ಕಟ್ಟೆಗೆ ಕಳಿಸಿಯೇ ಹೊಡೆದೆ. ಮುಖಕ್ಕೆಲ್ಲ ಅದಿರು ಮೆತ್ತಿಕೊಂಡಿತು. ಒರೆಸಿ, ಜೋಡಿಸಿ, ಆನ್ ಮಾಡಿದೆ. ಹಸಿರು ಗೆರೆ ನೆಲ ಹಿಡಿದು ಮಲಗಿತು. ಏಳಲೇ ಇಲ್ಲ.

"ಅಪ್ಪಾ, ಬರ್ರಿ ಒಳಗ. ಏನರ ಬರೀರಿ," ಎಂದು ಕರೆದೆ.

ಅಪ್ಪ ನಂಬಿಕೆಯಿಲ್ಲದ ಮುಖ ಮಾಡಿಕೊಂಡೇ ಕೂತರು. ಒಂದು ಕೀಲಿ ಒತ್ತಿದರು. ಅಕ್ಷರ ಕೂಡಲೇ ಮೂಡಿತು. ನನ್ನ ಕಡೆ ನೋಡಿದರು. ಇನ್ನೊಂದು ಒತ್ತಿದರು, ಮತ್ತೊಂದು ಒತ್ತಿದರು. ಆಮೇಲೆ ನನ್ನ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಅವ್ವ ಒದ್ದೆ ಕೈಯಲ್ಲೇ ಬಂದಳು. ನೆಲದ ಮೇಲೆ ಬಿದ್ದ ಕೌದಿಯನ್ನು ಕಂಡು, "ಇದನ್ಯಾಕ ತಗದಿ? ಧೂಳು ಹೋಗ್ತೈತಿ ಅದರಾಗ," ಎಂದು ಎತ್ತಿಕೊಂಡು ಝಾಡಿಸಿದಳು. ಈಗ ನಾನು ಹೇಳಬೇಕಿತ್ತು. ಬಾಗಿಲ ಬೆಳಕಿಗೆ ಕೂತು ಸೂಜಿ ಚುಚ್ಚಿಕೊಂಡು ಹೊಲಿದ ಕೌದಿ ಅದು. ನೀನು ಕಾಪಾಡಲು ಹೋಗಿ ಕೆಡಿಸಿದೆ ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ? ಅಪ್ಪ ನನ್ನ ಮುಖ ನೋಡಿದರು, ಕೌದಿ ನೋಡಿದರು, ಬರಿಮೈಯ ಪೆಟ್ಟಿಗೆ ನೋಡಿದರು. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ವರ್ಷ ಇಂಜಿನ್ ಕಾದ ಗಾಡಿಗಳನ್ನು ನೋಡಿದವರು, ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಟಕಟಕ ಟೈಪ್ ಮಾಡಿ, ಮೇಜು ತಟ್ಟಿ ಅವ್ವನನ್ನು ಕರೆದರು.

ಅವ್ವ ಕುರ್ಚಿಯ ಹಿಂದೆ ಬಂದು ನಿಂತು ಓದಿದಳು. "ಕೌ... ದಿ... ನನಗ... ಕೊಡು. ನನಗ... ಚಳಿ. ಅದಕ್ಕ... ಧಗಿ... ಆಗೇತಿ."

"ಅದಕ್ಕ ಅಂದ್ರ ಯಾವುದಕ್ಕ?"

ಅಪ್ಪ ಪೆಟ್ಟಿಗೆಯನ್ನು ತೋರಿಸಿದರು. ಆಮೇಲೆ ನಾನು ಹೇಳಿದೆ, ಆದಷ್ಟು ಮೆತ್ತಗೆ ಹೇಳಿದೆ. ಒಳಗಿನ ಬಿಸಿ ಹೊರಗೆ ಹೋಗಬೇಕು, ಅದಕ್ಕೆ ಕಿಂಡಿಗಳು ಇರುತ್ತವೆ, ಅವು ಮುಚ್ಚಿಹೋಗಿದ್ದವು, ಮೊದಲೇ ಒಳಗೆ ಧೂಳೂ ಇತ್ತು. ಅವ್ವ ಪೆಟ್ಟಿಗೆಯ ಹಿಂದಿನ ಕಿಂಡಿಗೆ ಅಂಗೈ ಹಿಡಿದು ನೋಡಿದಳು. ಗಾಳಿ ಬರುತ್ತಿತ್ತು. ಅಪ್ಪನ ಕುತ್ತಿಗೆಬಟ್ಟೆಯನ್ನೊಮ್ಮೆ ನೋಡಿದಳು.

"ಅಂದ್ರ ಅದಕ್ಕ ಉಸುರು ಕಟ್ಟಿತ್ತೇನು?" ಎಂದಳು. ದನಿ ಇನ್ನೂ ಸಣ್ಣದಾಯಿತು. "ಇವರ ಮಾತು ನಾನ ಕಟ್ಟಿ ಹಾಕಿದ್ನೇನವಾ?"

ಅವಳ ಕಣ್ಣು ತುಂಬಿದವು, ನನ್ನವೂ ತುಂಬಿದವು. ಅಪ್ಪ ಮಾತ್ರ ಟೈಪ್ ಮಾಡುತ್ತಿದ್ದರು. ಮತ್ತೆ ಮೇಜು ತಟ್ಟಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬೆರಳಿಟ್ಟಳು.

"ಅಳ... ಬ್ಯಾಡ. ಕಂ... ಪ್ಲಿಗೆ... ಹೋಗು... ಅಂದಿದ್ದೆ. ಯಾಕ... ಹೋಗಲಿಲ್ಲ?"

"ಯಾವಾಗ ಅಂದ್ರಿ ನೀವು? ಬೆನ್ನು ತಿರುವಿ ಕುಂತಿದ್ರಿ!"

"ಏಳೂ... ವರಿ... ಗಾಡಿಗೆ... ಹೋಗು. ಡ್ರೈ... ವರ್... ಹಿಂದಿನ... ಸೀಟು... ಹಿಡಿ. ಮಗ... ಳಿಗೆ... ರಜಾ... ಬ್ಯಾಡ. ನನಗ... ಏನೂ... ಆಗೂದಿಲ್ಲ... ಅಂತ... ಬರ... ದಿದ್ದೆ. ನೀನು... ಹಾಲಿಗೆ... ಓಡಿದಿ."

ಅವತ್ತಿನ ಉದ್ದನೆಯ ಮಾತು ಇದು. ಒಂದು ಕ್ಷಣ ಮತ್ತೆ ಅಳುತ್ತಾಳೆ ಎಂದುಕೊಂಡೆ. ಆದರೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹಾಲು ಉಕ್ಕಿ ಹೋಗಾಕತ್ತಿತ್ತು, ಬಿಟ್ಟು ನಿಮ್ಮ ಮುಂದ ನಿಂದ್ರಬೇಕಿತ್ತೇನು? ಅಷ್ಟು ಕಾಳಜಿ ಇದ್ದವರು ಆಮ್ಯಾಲರ ಕೈಸನ್ನಿಲೇ..."

ಅವಳ ಮಾತು ಮುಗಿದಿರಲಿಲ್ಲ. ಪರದೆಯ ಮೇಲೆ ಉತ್ತರ ಬಂದಾಗಿತ್ತು. ಅದನ್ನು ಓದಲು ಬೆರಳಿಟ್ಟಳು, ಅಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಬಂತು. ಗಾಡಿ ಎಷ್ಟೊತ್ತಿಗೆ ಬಿಡುತ್ತದೆಂದು ಬಂತು, ಕೂಸಿಗೆ ಏನು ಒಯ್ಯಬೇಕೆಂದು ಬಂತು, ಹಾಲನ್ನು ಯಾವಾಗಲೂ ದೊಡ್ಡ ಉರಿಯಲ್ಲೇ ಇಡುತ್ತಾಳೆಂಬ ಹಳೆಯ ದೂರು ಬಂತು. ಅಪ್ಪನ ಎರಡು ಬೆರಳು ಇಷ್ಟು ತಿಂಗಳ ಬಾಕಿಯನ್ನೆಲ್ಲ ತೀರಿಸುತ್ತಿದ್ದವು. ಮೇಲಿನ ಸಾಲುಗಳು ಓದುವ ಮೊದಲೇ ಮರೆಯಾಗುತ್ತಿದ್ದವು. "ತಡೀರಿ, ಮ್ಯಾಲಿಂದು ಇನ್ನ ಓದಿಲ್ಲ ನಾ," ಎಂದಳು ಅವ್ವ. ಅಪ್ಪ ತಡೆಯಲಿಲ್ಲ. ಅವ್ವ ಬೆರಳನ್ನು ಪರದೆಯಿಂದ ಕಿತ್ತು, ಎರಡೂ ಒದ್ದೆ ಕೈಗಳನ್ನು ಮೇಲಕ್ಕೆತ್ತಿ ಕೂಗಿದಳು.

"ರೀ, ನನಗೊಂದ್ ಮಾತು ಹೇಳಾಕ ಬಿಡ್ತೀರೋ ಇಲ್ಲೋ?"

ಅಪ್ಪನ ಬೆರಳು ನಿಂತವು. ಹೆಗಲು ಕುಲುಕತೊಡಗಿತು. ಕುತ್ತಿಗೆಯ ತೆಳ್ಳನೆ ಬಟ್ಟೆ ಒಂದೇ ಸಮ ಹಾರುತ್ತಿತ್ತು. ಸಪ್ಪಳವಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ, ಅಪ್ಪ ನಗುತ್ತಿದ್ದರು.